ಕೋಥರೂಡದ ಫುಗಡಿ

ಪುಣೆಯ ಕೋಥರೂಡ ಬಡಾವಣೆಗೆ ಬಂದ ಮೊದಲ ಶ್ರಾವಣದಲ್ಲಿ ಒಂದು ಸಂಜೆ ತಲೆಯ ಮೇಲಿನ ಛಾವಣಿ ಧಡಧಡ ಅನ್ನತೊಡಗಿತು. ಏನೋ ಕುಸಿದು ಬೀಳುತ್ತಿರಬೇಕೆಂದು ಹೆದರಿ ಮೇಲಿನ ಮನೆಗೆ ಓಡಿದೆ. ನೋಡಿದರೆ, ಮೊಮ್ಮಕ್ಕಳನ್ನು ಕಂಡ ಹೆಂಗಸರು ಕಚ್ಚೆ ಸೀರೆಯುಟ್ಟು, ಹಾಡುತ್ತ, ಇಬ್ಬಿಬ್ಬರಾಗಿ ಕೈ ಹಿಡಿದು ಗರಗರ ತಿರುಗುತ್ತಿದ್ದಾರೆ!

ಅದು ಮಂಗಳಗೌರಿಯ ಆಟ. ನಮ್ಮ ಗದಗಿನಲ್ಲೂ ಮಂಗಳಗೌರಿ ಇದೆ. ಹೊಸ ಮದುಮಗಳು ಪೂಜಿಸುತ್ತಾಳೆ, ಮುತ್ತೈದೆಯರು ಕೂತು ಹಾಡುತ್ತಾರೆ. ಇಲ್ಲಿ ಹಾಡಿ ಕುಣಿಯಲು ತಂಡಗಳೇ ಇವೆ, ವೇದಿಕೆಯನ್ನೂ ಹತ್ತುತ್ತವೆ.

ಗಂಡ ತೀರಿಕೊಂಡ ಮೇಲೆ ಊರಿನ ಹಾಡು-ಹಸೆಯಲ್ಲಿ ನನಗೆ ಜಾಗವಿರಲಿಲ್ಲ. ಯಾರೂ ಕೆಟ್ಟದಾಗಿ ಆಡಲಿಲ್ಲ. "ನೀ ಸುಮ್ನ ಕೂಡವಾ, ದಣದೀ," ಎನ್ನುತ್ತಿದ್ದರು ವೈನಿ, ನನ್ನ ಅಣ್ಣನ ಹೆಂಡತಿ. ಬೈದಿದ್ದರೆ ಇಷ್ಟು ನೋಯುತ್ತಿರಲಿಲ್ಲ.

ಈಗ ನಿಜಕ್ಕೂ ದಣಿದಿರುತ್ತೇನೆ. ಕ್ಯಾಂಪ್ ಪೇಟೆಯ ಬಟ್ಟೆ ಅಂಗಡಿಯಲ್ಲಿ ದಿನವಿಡೀ ನಿಂತು, ಬಸ್ಸಿನಲ್ಲೂ ನಿಂತು ಬರುವಷ್ಟರಲ್ಲಿ ಕಾಲು ನನ್ನವಲ್ಲ ಎನಿಸುತ್ತದೆ. ಬಾಡಿಗೆ ಮನೆಯಲ್ಲಿ ಕನ್ನಡ ಮಾತಾಡುವವಳು ನಾನೊಬ್ಬಳೇ, ಅದೂ ರೊಟ್ಟಿ ಬಡಿಯುವಾಗ ನನ್ನೊಂದಿಗೆ ನಾನೇ. ಆದರೆ ಮೇಲಿನ ಮನೆಯ ಶೋಭಾತಾಯಿ ಬಿಡಬೇಕಲ್ಲ! ಆ ಮೊದಲ ಸಂಜೆಯೇ ನನ್ನನ್ನು ಆಟಕ್ಕೆ ಎಳೆದರು. ಅರೆಬರೆ ಮರಾಠಿಯಲ್ಲಿ ಹೇಳಿಯೇಬಿಟ್ಟೆ, ನನ್ನ ಯಜಮಾನರಿಲ್ಲ, ಇದರಲ್ಲಿ ನಾನು ಸೇರಬಾರದು ಎಂದು.

"ಮಾಹೀತ್ ಆಹೇ. ಹಾತ್ ದ್ಯಾ," ಎಂದರು. ಗೊತ್ತಿದೆ, ಕೈ ಕೊಡಿ ಅಂತ.

ಅವರು ಆಡುತ್ತಿದ್ದದ್ದು ಫುಗಡಿ. ಎದುರುಬದುರು ನಿಂತು, ಪಾದ ಕೂಡಿಸಿ, ಕತ್ತರಿಯಂತೆ ಕೈ ಹಿಡಿದು ಹಿಂದಕ್ಕೆ ವಾಲಿ ಸುತ್ತಬೇಕು. ನಾನೋ ಗೂಟದಂತೆ ನೆಟ್ಟಗೆ ನಿಂತಿದ್ದೆ. "ವಜನ ಸೋಡಾ!" ಎಂದು ಶೋಭಾತಾಯಿ ಗದರಿದರು. ನಿಮ್ಮ ಭಾರ ಬಿಡಿ ಎಂದರ್ಥ. ಎಷ್ಟೋ ವರ್ಷದಿಂದ ನನ್ನ ಭಾರವನ್ನು ಯಾರ ಮೇಲೂ ಹಾಕಿರಲಿಲ್ಲ. ಕಣ್ಣು ಮುಚ್ಚಿ ಬಿಟ್ಟೆ. ಅವರ ಹಿಡಿತ ಸಡಿಲಲಿಲ್ಲ. ತಿರುಗುತ್ತಿರುವಾಗಲೇ ಅಳು ಬಂತು, ನಾಚಿಕೆಯಾಗಲಿಲ್ಲ.

ಈ ವರ್ಷ ಅವರೊಂದಿಗೆ ವೇದಿಕೆಯ ಮೇಲೂ ಕುಣಿದೆ. ವಿಡಿಯೋ ಕಳಿಸಿದ್ದಕ್ಕೆ ವೈನಿ ಫೋನ್ ಮಾಡಿದರು.

"ಭಾಳ ಛಂದ ಕುಣದೀ ನೋಡು. ನನಗ ಕಣ್ಣಾಗ ನೀರ ಬಂತು." ಆಮೇಲೆ ದನಿ ತಗ್ಗಿಸಿ, "ಇಲ್ಲೆ ಮತ್ತ ಯಾರಿಗೂ ಕಳಸಬ್ಯಾಡವಾ," ಎಂದರು.

"ಹೂಂ ವೈನಿ," ಎಂದೆ. ಜಗಳಾಡಲು ನನ್ನಲ್ಲಿ ತ್ರಾಣವಿರಲಿಲ್ಲ.

ಇಲ್ಲಿಯ ಹಾಡುಗಳು ನನಗೆ ಅರ್ಧಂಬರ್ಧ ತಿಳಿಯುತ್ತವೆ. ಬಾಯಿ ಆಡಿಸುತ್ತ ಕುಣಿಯುತ್ತೇನೆ. ಬಾಯಿಪಾಠವಿರುವುದು ಗದಗಿನ ಗೌರಿ ಹಾಡುಗಳೇ. ಅವನ್ನು ಅಲ್ಲಿ ನಾನು ಹಾಡುವಂತಿಲ್ಲ, ಇಲ್ಲಿ ದನಿಗೂಡಿಸಲು ಯಾರಿಗೂ ಬರುವುದಿಲ್ಲ.