ದಯವಿಟ್ಟು ನನ್ನ ವೆಬ್‌ಸೈಟಿನ ಜಾಹೀರಾತು ಒತ್ತಬೇಡಿ

ಫ್ರೆಂಡ್ಸ್, ಇವತ್ತು ಆಫೀಸ್ ಕ್ಯಾಂಟೀನಲ್ಲಿ ನನಗೂ ನನ್ನ ಜೊತೆ ಕೆಲಸ ಮಾಡೋ ಶಬಾನಾಗೂ ಜಗಳ ಆಯ್ತು. ನಮ್ಮ ರಾಯಚೂರು ಕಡೆ ಅಡುಗೆ ಬಗ್ಗೆ ನಾನೊಂದು ವೆಬ್‌ಸೈಟ್ ನಡೆಸ್ತೀನಲ್ಲ, ಅದರಲ್ಲಿ ಬರೋ ಜಾಹೀರಾತಿಗೆ ಪ್ರತಿ ಕ್ಲಿಕ್ಕಿಗೆ ಕೊಡ್ತಿದ್ದ ದರಾನ ಜಾಹೀರಾತು ಕಂಪನಿಯವರು ಪೂರಾ ಇಳಿಸಿಬಿಟ್ಟಿದ್ದಾರೆ. ಕ್ಲಿಕ್ ಮಾಡಿದೋರು ಯಾರೂ ಏನೂ ಕೊಳ್ತಿಲ್ಲವಂತೆ. ಹೀಗೇ ಆದ್ರೆ ವೆಬ್‌ಸೈಟಿನ ಖರ್ಚೂ ಹುಟ್ಟಲ್ಲ, ಮುಚ್ಚಬೇಕಾಗುತ್ತೆ.

"ಹೆಂಗೆ? ದಿನಾ ಸಂಜೆ ಮನೆಗೆ ಹೋಗಿ ಎಲ್ಲಾ ಆ್ಯಡೂ ಒತ್ತುತೀನಲ್ಲ ನಾನು" ಅಂದಳು ಶಬಾನಾ. ಪುಲಿಕೇಶಿನಗರದ ಮನೇಲಿ ತಂಗಿಯರಿಗೂ ಅದೇ ಡ್ಯೂಟಿ ಹಾಕಿದ್ದಾಳೆ.

"ಏನಾದ್ರೂ ಕೊಂಡ್ಯಾ?"

"ತೂಕ ಇಳಿಸೋ ಪುಡಿ ನಾನ್ಯಾಕೆ ಕೊಳ್ಳಲಿ?"

"ಅದಕ್ಕೇ ರೇಟ್ ಬಿದ್ದಿದ್ದು. ಇನ್ಮೇಲೆ ಒತ್ತಬೇಡ ಮಾರಾಯ್ತಿ. ಹೋಗ್ಲಿ, ನಮ್ಮವ್ವ ರೊಟ್ಟಿ ಬಡಿಯೋ ಸಪ್ಪಳದ ಬಗ್ಗೆ ನಿನ್ನೆ ಬರೆದಿದ್ದೆ, ಓದಿದ್ಯಾ?"

"ಅದೆಲ್ಲಿತ್ತು?"

"ಆ್ಯಡ್ ಪಕ್ಕದಲ್ಲಿ."

ರಾಮಮೂರ್ತಿ ನಗರದ ನನ್ನ ಬಾಡಿಗೆ ರೂಮಲ್ಲಿ ಆ ಸಪ್ಪಳ ಇಲ್ಲ. ಕೆಳಗಿರೋ ಓನರ್‌ಗೆ ತಲೆನೋವು ಬರುತ್ತೆ ಅಂತ ರೊಟ್ಟಿನ ಮೆಲ್ಲಗೆ ತಟ್ಟೋದು ಕಲಿತಿದ್ದೀನಿ. ನಮ್ಮವ್ವನ ಹಾಗೆ ಮನಸಾರೆ ಬಡಿಯೋಕೆ ನನಗಿರೋದು ಆ ವೆಬ್‌ಸೈಟ್ ಒಂದೇ.

ಈಗಷ್ಟೇ ಶಬಾನಾ ಮೆಸೇಜ್ ಬಂತು: "ಪ್ರಾಮಿಸ್, ಇವತ್ತು ಒಂದೂ ಒತ್ತಿಲ್ಲ. ವೆಬ್‌ಸೈಟೇ ಓಪನ್ ಮಾಡಿಲ್ಲ."

ನೀವಾದ್ರೂ ಬನ್ನಿ. ನಿಜವಾಗ್ಲೂ ತೂಕ ಇಳಿಸಬೇಕು ಅನ್ನೋರು ಆ್ಯಡ್ ಒತ್ತಿ, ಮಿಕ್ಕೋರು ರೊಟ್ಟಿ ಸಪ್ಪಳ ಕೇಳಿಕೊಂಡು ಹೋಗಿ.