ಮೇಷ್ಟ್ರ ತಲೆಯ ಉಳಿದ ಅರ್ಧ

ಬೀದಿಯವರೆಲ್ಲ ಅವನನ್ನು ಕೊಕ್ಕರೆ ಎಂದೇ ಕರೆಯುತ್ತಿದ್ದರು. ಕ್ಷೌರದಂಗಡಿಯಲ್ಲಿ ಒಂದೇ ಕಾಲಿನ ಮೇಲೆ ಭಾರ ಹಾಕಿ, ಗಿರಾಕಿಯ ತಲೆಯ ಮೇಲೆ ಕತ್ತು ಚಾಚಿ ಮೂವತ್ತೊಂದು ವರ್ಷ ನಿಂತವನಿಗೆ ಇದಕ್ಕಿಂತ ಒಪ್ಪುವ ಹೆಸರು ಎಲ್ಲಿಂದ ತರುವುದು? ಹೆಸರಿಟ್ಟವರು ನಿವೃತ್ತ ಮೇಷ್ಟ್ರು. ಶಾಲೆ ಬಿಟ್ಟರೂ ಕಂಡಕಂಡವರಿಗೆ ಹೆಸರಿಡುವ ಚಾಳಿ ಅವರನ್ನು ಬಿಟ್ಟಿರಲಿಲ್ಲ.

ಕೊಕ್ಕರೆಯ ಗ್ರಹಚಾರ ಕಾದಿದ್ದದ್ದೂ ಆ ಮೇಷ್ಟ್ರ ತಲೆಯ ಮೇಲೆಯೇ. ಬಲಭಾಗ ಮುಗಿಸಿ ಎಡಕ್ಕೆ ಬಂದು, ಕಿವಿಯ ಹಿಂದಿನ ಕೂದಲಿಗೆಂದು ಸೊಂಟ ತಿರುಚಿ ಬಾಗಿದ್ದೇ ತಡ, ಸೊಂಟದಿಂದ ಹಿಮ್ಮಡಿಯವರೆಗೆ ಕಾದ ಸರಳು ಎಳೆದಂತಾಯಿತು. ಕತ್ತರಿ ಕೆಳಗೆ ಬಿತ್ತು, ಅವನು ಬೆಂಚಿನ ಮೇಲೆ ಕುಸಿದ. ಮೇಷ್ಟ್ರು ಕೊರಳಿಗೆ ಕಟ್ಟಿದ್ದ ಬಟ್ಟೆಯನ್ನೂ ಬಿಚ್ಚದೆ ಅವನನ್ನು ಆಸ್ಪತ್ರೆಗೆ ಸಾಗಿಸಿದರು. ಅಲ್ಲಿದ್ದವರಿಗೆ ಇಬ್ಬರಲ್ಲಿ ರೋಗಿ ಯಾರೆಂದು ಗೊತ್ತಾಗಲು ಸ್ವಲ್ಪ ಹೊತ್ತು ಬೇಕಾಯಿತು.

ಬೆನ್ನುಮೂಳೆಗಳ ನಡುವಿನ ಮೆತ್ತೆ ಹೊರಚಾಚಿ ಕಾಲಿಗಿಳಿಯುವ ನರವನ್ನು ಒತ್ತುತ್ತಿದೆ, ಇದನ್ನೇ ಸಯಾಟಿಕಾ ಅನ್ನುವುದು ಎಂದರು ಡಾಕ್ಟರು. ಪಾದ ಎತ್ತಲಾಗದಿದ್ದರೆ, ಮೂತ್ರದ ಹಿಡಿತ ತಪ್ಪಿದರೆ ತಕ್ಷಣ ಓಡಿ ಬರಬೇಕು, ಆಗ ಆಪರೇಷನ್ ಬೇಕಾಗಬಹುದು. ಇಲ್ಲವಾದರೆ ಮಾತ್ರೆ, ವ್ಯಾಯಾಮ, ನಡಿಗೆ. ಹೆಚ್ಚಿನವರಿಗೆ ಕೆಲವು ವಾರಗಳಲ್ಲಿ ಇಳಿಯುತ್ತದೆ. ಇಳಿಯದಿದ್ದರೆ ಇಂಜೆಕ್ಷನ್ ವಿಚಾರ ನೋಡೋಣ ಎಂದರು.

"ಮೇಷ್ಟ್ರೇ, ಬಸ್ ಸ್ಟ್ಯಾಂಡ್ ಹತ್ರ ಇರೋನ ಕೈಲಿ ಉಳಿದದ್ದು ಮುಗಿಸ್ಕೊಳ್ಳಿ," ಎಂದು ಕೊಕ್ಕರೆ ಆಸ್ಪತ್ರೆಯ ಮಂಚದ ಮೇಲಿಂದ ಕೈ ಮುಗಿದ.

"ಅರ್ಧ ನೀನು, ಅರ್ಧ ಅವನು ಮಾಡೋಕೆ ಇದೇನು ಹಿಸ್ಸೆಯಾದ ಮನೆನಾ? ನೀನು ಎದ್ದು ಬಾ, ಆಮೇಲೆ ನೋಡೋಣ. ನಾನೇನು ಮದುವೆ ಗಂಡಾ?" ಎಂದು ಮೇಷ್ಟ್ರು ಜೇಬಿನಲ್ಲಿದ್ದ ಉಣ್ಣೆ ಟೋಪಿ ಹಾಕಿಕೊಂಡು ಹೊರಟೇಬಿಟ್ಟರು.

ಬಂದವರೆಲ್ಲ ಅಲ್ಲಾಡಬೇಡ, ಮಲಗಿರು ಎಂದರು. ಡಾಕ್ಟರ ಮಾತನ್ನು ಕಿವಿಗೆ ಹಾಕಿಕೊಳ್ಳದೆ ಅವನೂ ಎರಡು ವಾರ ಕೊರಡಿನಂತೆ ಬಿದ್ದುಕೊಂಡ. ಮೈ ಮತ್ತಷ್ಟು ಬಿಗಿಯಿತು. ಕೊನೆಗೆ ಹೆಂಡತಿಯೇ ಗದರಿಸಿ, ಆಸ್ಪತ್ರೆಯ ಕೊನೆಯ ಕೋಣೆಯಲ್ಲಿದ್ದ ಫಿಸಿಯೋಥೆರಪಿ ಹುಡುಗಿಯ ಬಳಿ ಕರೆದೊಯ್ದಳು. ಅವಳು ಬೋರಲು ಮಲಗಿಸಿದಳು, ಮೊಣಕೈ ಊರಿ ಎದೆ ಎತ್ತಿಸಿದಳು, ದಿನಕ್ಕೆ ಐದು ಸಲ ಸ್ವಲ್ಪ ಸ್ವಲ್ಪ ನಡೆಯಬೇಕೆಂದಳು.

"ನೋವು ಎಲ್ಲಿದೆ ಅಂತ ದಿನಾ ನೋಡ್ಕೊಳ್ಳಿ ಅಂಕಲ್. ಹಿಮ್ಮಡಿಯಿಂದ ಮೇಲಕ್ಕೆ ಸರೀತಾ ಬಂದ್ರೆ ಒಳ್ಳೇ ಲಕ್ಷಣ."

ಅಂದಿನಿಂದ ಬೆಳಗಾದರೆ ಹೆಂಡತಿಯದು ಒಂದೇ ಪ್ರಶ್ನೆ. "ಎಲ್ಲಿಗೆ ಬಂತು?" ನೆಂಟರ ಬಸ್ಸಿನ ಬಗ್ಗೆ ವಿಚಾರಿಸುವಂತೆ ಕೇಳುವಳು.

"ಮೀನಖಂಡ ಬಿಟ್ಟಿಲ್ಲ ಕಣೆ."

"ತಡವಾದ್ರೂ ಚಿಂತೆಯಿಲ್ಲ, ವಾಪಸ್ ಹೋಗದಿದ್ರೆ ಸಾಕು."

ನೋವನ್ನಾದರೂ ತಾಳಿಕೊಂಡಾನು. ತಾಳಲಾರದ್ದು ಬೇರೆ ಇತ್ತು. ಬೆಳಗ್ಗೆ ಬೀದಿಯ ಶಟರುಗಳು ಒಂದೊಂದಾಗಿ ಏಳುವ ಸದ್ದು ಚಾಪೆಯವರೆಗೆ ಕೇಳುತ್ತಿತ್ತು. ಇದು ಔಷಧದಂಗಡಿ, ಇದು ಸೈಕಲ್ ರಿಪೇರಿಯವನದು ಎಂದು ಲೆಕ್ಕ ಹಾಕುವನು. ಅವೆರಡರ ನಡುವೆ ಏಳಬೇಕಾದದ್ದು ಏಳುತ್ತಿರಲಿಲ್ಲ. ಸೋಪಿನ ನೊರೆ, ಪೌಡರಿನ ಘಮ, ಪೇಪರು ಹಿಡಿದು ಜಗಳವಾಡುವ ಬೆಂಚಿನ ಮಂದಿ, ಎಲ್ಲವೂ ಬೇಕೆನಿಸುತ್ತಿತ್ತು. ಜನ ಹೆಚ್ಚಾದಾಗ "ನಾಳೆ ಬನ್ರೀ, ನನಗಿರೋದು ಎರಡೇ ಕೈ" ಎಂದು ರೇಗುತ್ತಿದ್ದವನು ಈಗ ಹಾಗೆ ರೇಗುವುದಕ್ಕಾದರೂ ಒಬ್ಬ ಸಿಗಬಾರದೇ ಎಂದು ಹಂಬಲಿಸಿದ. ಮಲಗಿದಲ್ಲೇ ಕತ್ತರಿ ಹಿಡಿದು ಕಚಕಚ ಆಡಿಸುವನು. "ಗಾಳಿಗೆ ಯಾವ ಸ್ಟೈಲು?" ಎಂದು ಹೆಂಡತಿ ಕೇಳಿದರೆ ಕಣ್ಣು ತುಂಬಿ ಬರುತ್ತಿತ್ತು.

ಸಂಜೆಯಾದರೆ ಕಿಟಕಿಯಾಚೆ ಮೇಷ್ಟ್ರು ಹಾದುಹೋಗುವರು. ಸೆಕೆಯಲ್ಲಿ ಬೆವರುತ್ತ, ಆ ಉಣ್ಣೆ ಟೋಪಿಯಲ್ಲಿ! ಎಡಗಡೆ ಒಂದಿಷ್ಟು ಎತ್ತಿ ಪೊದೆಯಂತಾದ ಕೂದಲು ತೋರಿಸಿ ಮುಂದೆ ಹೋಗುವರು. ಬದುಕಿನಲ್ಲಿ ಇನ್ನೇನೂ ಬೇಡ, ಆ ಉಳಿದ ಅರ್ಧ ಮುಗಿಸುವಷ್ಟು ಹೊತ್ತು ನಿಂತರೆ ಸಾಕು ಎನಿಸುತ್ತಿತ್ತು ಕೊಕ್ಕರೆಗೆ.

ನೋವು ತೊಡೆಗೆ ಬಂದ ವಾರ ಫಿಸಿಯೋಥೆರಪಿ ಹುಡುಗಿ ಅವನ ಹೆಂಡತಿಯನ್ನು ಸ್ಟೂಲಿನ ಮೇಲೆ ಕೂರಿಸಿದಳು. "ಕೆಲಸ ಹೇಗೆ ಮಾಡ್ತೀರಿ, ತೋರಿಸಿ." ಅವನು ಹುರುಪಿನಿಂದ ಹೆಂಡತಿಯ ಸುತ್ತ ಬಾಗುತ್ತ, ತಿರುಚುತ್ತ ಒಂದು ಸುತ್ತು ಬಂದ.

"ನಿಮ್ಮ ಅಂಗಡಿ ಕುರ್ಚಿ ತಿರುಗಲ್ವಾ ಅಂಕಲ್?"

"ತಿರುಗತ್ತೆ. ನಾವು ತಿರುಗ್ಸಲ್ಲ."

"ಯಾಕೆ?"

"ಕೆಲಸ ಕಲಿಸಿದ ದೊಡ್ಡಪ್ಪನ ಮಾತದು. ಕುತ್ತಿಗೆ ಹತ್ರ ಕತ್ತಿ ಇರತ್ತಮ್ಮ, ಬಂದವರು ಕನ್ನಡೀಲಿ ಎಲ್ಲಾ ನೋಡ್ತಾ ಇರ್ಬೇಕು. ಅವರ ಮುಖ ತಿರುಗಿಸ್ಬಾರ್ದು, ಸುತ್ತೋದು ನಾವು."

"ಸುತ್ತಿದ್ದು ಸಾಕು. ಕುರ್ಚಿ ತಿರುಗಿಸಿ, ನೀವು ನೆಟ್ಟಗೆ ನಿಲ್ಲಿ. ಇಪ್ಪತ್ತು ನಿಮಿಷ ನಿಂತ್ರೆ ಐದು ನಿಮಿಷ ನಡೀಬೇಕು, ಮೊದಲ ವಾರ ದಿನಕ್ಕೆ ಒಂದೇ ಸಲ. ಒಪ್ಪಿದ್ರೆ ಮಾತ್ರ ಅಂಗಡಿ."

ನಿನ್ನೆ ಮೊನ್ನೆ ಕಣ್ಣು ಬಿಟ್ಟವಳು ದೊಡ್ಡಪ್ಪನಿಗೆ ಪಾಠ ಹೇಳುವುದೇ ಎಂದು ಅವನಿಗೆ ಮೈ ಉರಿಯಿತು. ಎರಡು ದಿನ ಊಟ ಸೇರಲಿಲ್ಲ. ಮೂರನೆಯ ಸಂಜೆ ಕಿಟಕಿಯಲ್ಲಿ ಮತ್ತೆ ಟೋಪಿ ಕಂಡಿತು. "ನಾಳೆ ಅಂಗಡಿಗೆ ಬನ್ನಿ ಮೇಷ್ಟ್ರೇ," ಎಂದು ಕೂಗಿಬಿಟ್ಟ.

ಮರುದಿನ, ಅಂಗಡಿ ಮುಚ್ಚಿದ ಹತ್ತು ವಾರದ ಮೇಲೆ, ಹೆಂಡತಿ ಶಟರ್ ಎತ್ತಿದಳು. ಕುರ್ಚಿಯ ಬುಡ ತುಕ್ಕು ಹಿಡಿದು ಕದಲಲೇ ಇಲ್ಲ. ಮಿಷಿನ್ ಎಣ್ಣೆ ಬಿಟ್ಟು ಇಬ್ಬರೂ ಸೇರಿ ಅಲ್ಲಾಡಿಸಿದ ಮೇಲೆ ಕಿರ್ರೆಂದು ಸರಿಯಿತು. ಮೇಷ್ಟ್ರು ಬಂದು ಟೋಪಿ ತೆಗೆದು ಕೂತರು. ಕತ್ತರಿ ಎತ್ತಿದ ಕೊಕ್ಕರೆ ಅಭ್ಯಾಸಬಲದಿಂದ ಎಡಕ್ಕೆ ಬಾಗಹೊರಟವನು ತಡೆದು ನಿಂತ. ದೊಡ್ಡಪ್ಪನನ್ನು ಮನಸ್ಸಿನಲ್ಲೇ ನೆನೆದು, ತಪ್ಪಾಯಿತು ಎಂದು, ಕುರ್ಚಿಯನ್ನು ತನ್ನ ಕಡೆ ತಿರುಗಿಸಿದ.

ಅಷ್ಟು ವರ್ಷ ಕನ್ನಡಿಯಲ್ಲೇ ಮಾತಾಡಿಕೊಂಡಿದ್ದ ಇಬ್ಬರೂ ಮೊದಲ ಸಲ ಆ ಕುರ್ಚಿಯಲ್ಲಿ ಎದುರುಬದುರಾದರು. ಮೇಷ್ಟ್ರಿಗೆ ಕಾಣುವುದಕ್ಕೆ ಕನ್ನಡಿಯಿರಲಿಲ್ಲ, ಅವನ ಮುಖವಷ್ಟೇ ಇತ್ತು.

"ತುಂಬಾ ಸೊರಗಿದೀಯೋ," ಎಂದರು. ಹೆಸರಿಡಲು ಅವರಿಗೆ ಏನೂ ತೋಚಲಿಲ್ಲ.

ಅವನು ನೆಟ್ಟಗೆ ನಿಂತು ಕತ್ತರಿಸಿದ. ಕತ್ತರಿ ತಪ್ಪಲಿಲ್ಲ. ಎಡಭಾಗ ಒಪ್ಪವಾಯಿತು. ಕುರ್ಚಿಯನ್ನು ಮತ್ತೆ ಕನ್ನಡಿಗೆ ತಿರುಗಿಸಿದಾಗಲೇ ಇಬ್ಬರಿಗೂ ಕಂಡದ್ದು: ಅಂದು ಕತ್ತರಿಸಿದ್ದ ಬಲಭಾಗ ಇಷ್ಟರಲ್ಲಿ ಬೆಳೆದು ಕಿವಿ ಮುಚ್ಚಿತ್ತು. ಮೇಷ್ಟ್ರ ತಲೆ ಮತ್ತೆ ಅರ್ಧವೇ.

"ಇಪ್ಪತ್ತು ನಿಮಿಷ ಆಯ್ತು," ಎಂದಳು ಬಾಗಿಲಲ್ಲಿದ್ದ ಹೆಂಡತಿ.

ಕೊಕ್ಕರೆ ಕತ್ತರಿಯನ್ನೂ ಗಡಿಯಾರವನ್ನೂ ನೋಡಿದ. ಇನ್ನೈದು ನಿಮಿಷ ಕದ್ದುಬಿಡಲೇ ಎಂದು ಜೀವ ಹಾತೊರೆಯಿತು. ಕತ್ತರಿ ಕೆಳಗಿಟ್ಟ. ಹತ್ತು ವಾರದಿಂದ ನಾಲಿಗೆಯ ತುದಿಯಲ್ಲೇ ಇದ್ದ ಮಾತನ್ನು, ರೇಗದೆ, ಮೆಲ್ಲಗೆ ಹೇಳಿದ.

"ನಾಳೆ ಬನ್ನಿ ಮೇಷ್ಟ್ರೇ."

ಮೇಷ್ಟ್ರು ಟೋಪಿ ಹಾಕಿಕೊಂಡರು.