ಕಾಬೂಲಿನ ಭೂಗೋಳದ ಮಾಸ್ಟರ್‌ಜೀ

ಅವರ ಬಲಗಿವಿಯ ಕೆಳಗಿನ ಅರ್ಧ ಇರಲಿಲ್ಲ. ಉಳಿದ ಅರ್ಧ ಒಣ ಅಂಜೂರದ ಹಾಗೆ ಮುದುಡಿಕೊಂಡಿತ್ತು. ಆ ಕಡೆ ಕೇಳಿಸುತ್ತಲೂ ಇರಲಿಲ್ಲ. ಹಾಗಾಗಿ ಯಾರೇ ಮಾತಾಡಿಸಲಿ, ಅವರನ್ನು ಮೆಲ್ಲಗೆ ತಮ್ಮ ಎಡಕ್ಕೆ ಕರೆದು ಕೂಡಿಸಿಕೊಂಡು, "ಹಾಂ, ಈಗ ಹೇಳಿ" ಎನ್ನುತ್ತಿದ್ದರು.

ದಿಲ್ಲಿಯ ಪಕ್ಕದ ಫರೀದಾಬಾದಿನ ನಮ್ಮ ಆಸ್ಪತ್ರೆಯಲ್ಲಿ ಅವರು ದುಭಾಷಿ. ಅಫ್ಘಾನಿಸ್ತಾನದಿಂದ ಚಿಕಿತ್ಸೆಗೆ ಬರುವವರ ಮಾತನ್ನು ಡಾಕ್ಟರಿಗೆ, ಡಾಕ್ಟರ ಮಾತನ್ನು ಅವರಿಗೆ ದಾಟಿಸುವ ಕೆಲಸ. ನಾನು ತುಮಕೂರಿನಿಂದ ಬಂದ ನರ್ಸ್. ಕಾಬೂಲಿನ ಹೆಣ್ಣುಮಕ್ಕಳ ಶಾಲೆಯಲ್ಲಿ ಭೂಗೋಳ ಕಲಿಸಿದವರೆಂದು ನಾವೆಲ್ಲ ಅವರನ್ನು ಮಾಸ್ಟರ್‌ಜೀ ಎನ್ನುತ್ತಿದ್ದೆವು. ಶಾಲೆಯ ಗೇಟಿನಲ್ಲಿ ಬಾಂಬು ಸಿಡಿದ ದಿನ ಅವರ ಕಿವಿ ಹೋಯಿತು. ಒಂಬತ್ತನೇ ತರಗತಿಯ ಮೂವರು ಹುಡುಗಿಯರು ಹೋದರು. ಗಾಯ ಮಾಯುವ ಮೊದಲೇ ಮಾಸ್ಟರ್‌ಜೀ ಮತ್ತೆ ಪಾಠಕ್ಕೆ ನಿಂತರು. ಆಗ ಒಬ್ಬ ಮನೆ ಬಾಗಿಲಿಗೆ ಬಂದು, ಪಾಠ ನಿಲ್ಲಿಸದಿದ್ದರೆ ನಿನ್ನ ಮಗಳು ಉಳಿಯುವುದಿಲ್ಲ ಎಂದನಂತೆ. ಅದೇ ವಾರ ಹೆಂಡತಿ, ಮಗಳೊಂದಿಗೆ ದಿಲ್ಲಿಗೆ ಬಂದುಬಿಟ್ಟರು.

ಇಲ್ಲಿ ಮೊದಲು ಬೋಲ್ಟು ಮಾಡುವ ಕಾರ್ಖಾನೆಯಲ್ಲಿ ಪೆಟ್ಟಿಗೆ ಹೊತ್ತರು. ಒಂದು ದಿನ ಹೆಂಡತಿಗೆ ಹೊಟ್ಟೆನೋವೆಂದು ನಮ್ಮ ಆಸ್ಪತ್ರೆಗೆ ಕರೆತಂದಾಗ, ಯಾವ ಕಿಟಕಿಗೆ ಹೋಗಬೇಕೆಂದು ತಿಳಿಯದೆ ಅಳುತ್ತಿದ್ದ ತಮ್ಮ ದೇಶದ ಮುದುಕಿಯೊಬ್ಬಳು ಕಣ್ಣಿಗೆ ಬಿದ್ದಳು. ಹೆಂಡತಿಯನ್ನು ಬೆಂಚಿನ ಮೇಲೆ ಮರೆತು, ಅವಳ ಜೊತೆ ಮೂರು ಮಹಡಿ ಅಲೆದರು. ಅದನ್ನು ನೋಡಿದ ಮ್ಯಾನೇಜರು ಅಂದೇ ಕೆಲಸಕ್ಕೆ ಕರೆದರು. "ಕೆಲಸ ಸಿಕ್ತು ಬೇಟಿ, ಆದ್ರೆ ನನ್ನ ಹೆಂಡ್ತಿ ಇವತ್ತಿಗೂ ಬೈತಾಳೆ" ಎಂದು ನಗುತ್ತಿದ್ದರು.

ಅವರದು ನಿಧಾನದ ಕೆಲಸ. ಒಮ್ಮೆ ಹಿರಿಯ ಡಾಕ್ಟರೊಬ್ಬರು, ಕ್ಯಾನ್ಸರ್ ಹರಡಿದೆ ಎಂದು ಮುದುಕನೊಬ್ಬನಿಗೆ ಎರಡು ಮಾತಿನಲ್ಲಿ ಹೇಳಿದರು. ಮಾಸ್ಟರ್‌ಜೀ ಅದನ್ನು ದಾಟಿಸಲು ಹತ್ತು ನಿಮಿಷ ತೆಗೆದುಕೊಂಡರು.

"ನಾನು ಹೇಳಿದ್ದು ಎರಡೇ ಮಾತು. ನೀವು ಇಷ್ಟೊತ್ತು ಏನು ಹೇಳಿದ್ರಿ?" ಡಾಕ್ಟರು ರೇಗಿದರು.

"ಯಾವ ಊರು, ಈ ಸಲ ಹಿಮ ಚೆನ್ನಾಗಿ ಬಿತ್ತಾ ಅಂತ ಕೇಳಿದೆ ಡಾಕ್ಟರ್ ಸಾಬ್. ಆಮೇಲೆ ನಿಮ್ಮ ಎರಡು ಮಾತು ಹೇಳಿದೆ. ಒಂದು ಅಕ್ಷರವನ್ನೂ ಬಿಟ್ಟಿಲ್ಲ."

ಒಂದು ಮಧ್ಯಾಹ್ನ ಅವರು ವಾರ್ಡಿನಿಂದ ಹೊರಬಂದು ಗೋಡೆಗೆ ಒರಗಿ ನಿಂತರು. ಒಳಗೆ ಏಳು ವರ್ಷದ ಹುಡುಗಿಯೊಬ್ಬಳಿದ್ದಳು, ಹೃದಯದಲ್ಲಿ ರಂಧ್ರ. ಅವಳನ್ನು ಕರೆತಂದ ಅಪ್ಪನೇ ಅಂದು ಕಾಬೂಲಿನಲ್ಲಿ ಇವರ ಬಾಗಿಲಿಗೆ ಬಂದು ಬೆದರಿಸಿದವನು.

"ಅವನೇ ಅಂತ ಗ್ಯಾರಂಟೀನಾ?" ಎಂದೆ.

"ಆ ದನಿ ಮರೆಯೋದಾ ಬೇಟಿ?"

"ನೀವು ಮನೆಗೆ ಹೋಗಿ. ಬೇರೆ ಯಾರನ್ನಾದ್ರೂ ಕರೆಸ್ತೀನಿ."

"ಬೇರೆ ಯಾರಿದ್ದಾರೆ? ಮಗುಗೆ ನಾಡಿದ್ದು ಆಪರೇಷನ್" ಎಂದು ನೀರು ಕುಡಿದು, ಒಳಗೆ ಹೋಗಿ, ಅವನನ್ನು ತಮ್ಮ ಎಡಕ್ಕೆ ಕೂಡಿಸಿಕೊಂಡರು. ಹದಿಮೂರು ದಿನ ಔಷಧಿ, ಪಥ್ಯ, ಅಪಾಯ, ಭರವಸೆ ಎಲ್ಲವನ್ನೂ ಅವನಿಗೆ ತಿಳಿಸಿ ಹೇಳಿದರು. ಹುಡುಗಿಗೆ ನಕ್ಷೆ ಬಿಡಿಸಿ, ತಾನು ಎಲ್ಲಿದ್ದೇನೆಂದು ಬೆರಳಿಟ್ಟು ತೋರಿಸಲು ಕಲಿಸಿದರು. ಅವನಿಗೆ ಇವರ ಗುರುತು ಹತ್ತಿದಂತೆ ಕಾಣಲಿಲ್ಲ. ಹೊರಡುವ ದಿನ ಅವನು ಇವರ ಕೈಗೆ ಮುತ್ತಿಡಲು ಬಾಗಿದ. ಇವರು ಕೈ ಹಿಂದಕ್ಕೆಳೆದುಕೊಂಡು ಏನೋ ಹೇಳಿದರು. ಅವನು ಬಹಳ ಹೊತ್ತು ಇವರ ಮುಖವನ್ನೇ ನೋಡಿ, ತಲೆ ತಗ್ಗಿಸಿ ಹೊರಟುಹೋದ.

"ಏನು ಹೇಳಿದ್ರಿ?"

"ನನ್ನ ಶಾಲೆಯ ಹೆಸರು ಹೇಳಿದೆ. ನಿನ್ನ ಮಗಳು ಜಾಣೆ, ಓದಿಸು ಅಂದೆ."

"ಅವನನ್ನ ಕ್ಷಮಿಸಿಬಿಟ್ರಾ?"

"ಇಲ್ಲ" ಎಂದರು.

ಆ ವರ್ಷ ನನ್ನ ಅಮ್ಮ ಗರ್ಭಕೋಶದ ಆಪರೇಷನ್ನಿಗೆಂದು ನಮ್ಮಲ್ಲೇ ಸೇರಿದಳು. ಅವಳಿಗೆ ಕನ್ನಡ ಬಿಟ್ಟು ಬೇರೆ ಬಾರದು. ನನ್ನ ಡ್ಯೂಟಿಯ ಹೊತ್ತಿನಲ್ಲಿ ಮಾಸ್ಟರ್‌ಜೀ ಬಂದು ಅವಳ ಬಳಿ ಕೂರುತ್ತಿದ್ದರು. ಇವರು ಹಿಂದಿಯಲ್ಲಿ, ಅವಳು ಕನ್ನಡದಲ್ಲಿ. ಇಬ್ಬರೂ ಸರಾಗವಾಗಿ ಮಾತಾಡುತ್ತಿದ್ದರು. ಹೆಂಡತಿ ಬೆಣ್ಣೆ ಹಚ್ಚಿಕೊಟ್ಟ ರೊಟ್ಟಿಯನ್ನು ಇವರು ತಂದರೆ, ಅವಳು "ಮೇಷ್ಟ್ರಿಗೆ ನಮ್ಮ ಚಟ್ನಿಪುಡಿ ಕೊಡೇ" ಎನ್ನುವಳು. ಖಾರಕ್ಕೆ ಇವರ ಕಣ್ಣಲ್ಲಿ ನೀರು. "ಚೆನ್ನಾಗಿದೆ" ಎಂಬ ಒಂದು ಕನ್ನಡದ ಮಾತನ್ನು ಅವಳಿಂದ ಕಲಿತು, ಆಮೇಲೆ ಇಂಜೆಕ್ಷನ್ನಿನಿಂದ ಹಿಡಿದು ಟ್ರಾಫಿಕ್ಕಿನವರೆಗೆ ಎಲ್ಲಕ್ಕೂ ಅದನ್ನೇ ಬಳಸಿದರು.

ಹೋದ ಚಳಿಗಾಲದಲ್ಲಿ, ಕೆಲಸಕ್ಕೆ ಬರುವ ದಾರಿಯಲ್ಲಿ, ಶೇರ್ ಆಟೋದಲ್ಲೇ ಅವರ ಹೃದಯ ನಿಂತಿತು. ನಮ್ಮ ಎಮರ್ಜೆನ್ಸಿಗೇ ತಂದರು. ಏನೂ ಮಾಡಲಾಗಲಿಲ್ಲ. ಮಗಳು ಕಾಲೇಜಿನಿಂದ ಇನ್ನೂ ಬಂದಿರಲಿಲ್ಲ. ಹೆಂಡತಿ ಒಬ್ಬರೇ ಬಂದು ಹೊರಗೆ ಕುಳಿತಿದ್ದರು. ನಾನು ಮೆಟ್ಟಿಲ ಬಳಿ ನಿಂತು ಅಮ್ಮನಿಗೆ ಫೋನು ಮಾಡಿ ಅತ್ತೆ. ಅಮ್ಮ ತಾನೂ ಅತ್ತಳು. ಆಮೇಲೆ ಕೇಳಿದಳು: "ಅವರ ಹೆಂಡ್ತಿ ಎಲ್ಲವ್ರೆ?"

"ಹೊರಗೆ. ಅವರ ಭಾಷೆ ನನಗೆ ಸರಿಯಾಗಿ ಬರಲ್ಲಮ್ಮ. ಏನಂತ ಹೇಳ್ಲಿ?"

"ನನ್ನ ಭಾಷೆ ಮೇಷ್ಟ್ರಿಗೆ ಬರ್ತಿತ್ತೇನೇ? ಫೋನಿಡು. ಹೋಗಿ ಪಕ್ಕದಲ್ಲಿ ಕೂತ್ಕೋ."

ಫೋನಿಟ್ಟು ಹೋದೆ.